ಸಾಹೇಬನಿಗೆ ಜಾಗ ಗೊತ್ತು

ಅಕ್ಟೋಬರ್ ೨೧, ಮಂಗಳವಾರ

ರೀ,

ಹೇಗಿದ್ದೀರಿ? ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಮಾಡಿಕೊಂಡರೂ ಕವುಚಿ ಮಲಗಿದ ಮನುಷ್ಯನ ಮುಖ ಯಾರಿಗೆ ಕಾಣಬೇಕು ಬಿಡಿ. ಎರಡು ಸಲ ಬರೆಯಲು ಕೂತು ಎರಡು ಸಲವೂ ಎದ್ದುಹೋದೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಅನ್ನಿಸಿ ಓಡಿದೆ, ಇಟ್ಟಿರಲಿಲ್ಲ. ಬಾಗಿಲು ತಟ್ಟಿದ ಹಾಗಾಗಿ ಹೋಗಿ ನೋಡಿದೆ, ಯಾರೂ ಇರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗಾಗಿದ್ದೇನೆ. ಮೊನ್ನೆ ಸ್ಕೂಲ್ ಕೋಟೊಂದಕ್ಕೆ ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಹೊಲಿದಿಟ್ಟೆ. ಹುಡುಗಿ ಹಾಕಿಕೊಂಡು ಕನ್ನಡಿ ನೋಡಿ, "ಆಂಟಿ, ಇದು ಹಿಂದಕ್ಕೆ ನಡೆಯೋರಿಗಾ?" ಅಂದಳು. ನಗು ಬಂತು, ಆಮೇಲೆ ಕೂತು ಎರಡೂ ತೋಳು ಬಿಚ್ಚಿದೆ.

ಅಕ್ಕ, ಇದನ್ನು ಓದಿ ಹೇಳುತ್ತಿರುವವರು ನೀವೇ ಅಂತ ಗೊತ್ತು. ನಿಮಗೂ ನಮಸ್ಕಾರ. ತಮ್ಮನ ಕಣ್ಣಿನ ಪಟ್ಟಿ ಬಿಚ್ಚುವವರೆಗೆ ಅವರಿಗೆ ನೀವೇ ಕಣ್ಣು. ನಾನು ಬೈದಿರುವ ಕಡೆ ಸ್ವಲ್ಪ ಜೋರಾಗಿ ಓದಿ, ಹೊಗಳಿರುವ ಕಡೆ ಮೆಲ್ಲಗೆ ಓದಿದರೂ ನಡೆಯುತ್ತದೆ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನಾವಿಬ್ಬರೂ ಮಾತ್ರೆ ಆಯ್ತಾ, ಊಟ ಆಯ್ತಾ ಅನ್ನುವಷ್ಟರಲ್ಲೇ ಮಾತು ಮುಗಿಸುತ್ತೇವೆ. ಅದು ನಿಮಗೆ ಗೊತ್ತಿರುವುದೇ.

ಡಾಕ್ಟರು ಹೇಳಿದ ಹಾಗೆ ಕೇಳುತ್ತಿದ್ದೀರಿ ತಾನೆ? ಕಣ್ಣೊಳಗೆ ತುಂಬಿದ ಆ ಗಾಳಿಯ ಗುಳ್ಳೆ ಕರಗುವವರೆಗೆ ತಲೆ ಎತ್ತಬೇಡಿ. ಬೆಟ್ಟ ಹತ್ತುವ ಬಸ್ಸಿನ ಕಡೆ ತಲೆ ಹಾಕಿಯೂ ಮಲಗಬೇಡಿ. ಎತ್ತರಕ್ಕೆ ಬಂದರೆ ಗುಳ್ಳೆ ಹಿಗ್ಗಿ ಇರುವ ಕಣ್ಣೂ ಹೋಗುತ್ತದೆ ಅಂತ ಆಪರೇಷನ್ನಿಗೆ ಮೊದಲೇ ಅವರು ಹೇಳಿದಾಗ ನೀವು ನನ್ನ ಮುಖ ನೋಡಿದಿರಿ. ನಾನೇ ಡಾಕ್ಟರಿಗೆ ಹೇಳಿಕೊಟ್ಟು ಹೇಳಿಸಿದೆ ಅನ್ನುವ ಹಾಗೆ.

ಈಗ ಜಗಳದ ವಿಷಯ. ನೀವು ಹೋಗುವ ದಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಅಂದಿದ್ದನ್ನು ನಾನು ಮರೆತಿಲ್ಲ. "ಈ ಊರೋ ನಾನೋ, ಒಂದನ್ನ ಆರಿಸ್ಕೊಳ್ಳಿ" ಅಂದಿದ್ದೆ. ಪಕ್ಕದಲ್ಲಿದ್ದ ಕಂಡಕ್ಟರ್ ಟಿಕೆಟ್ ಹರಿಯುವುದು ಬಿಟ್ಟು ನಮ್ಮಿಬ್ಬರನ್ನೇ ನೋಡುತ್ತಾ ನಿಂತಿದ್ದ. ನೀವು ಬಸ್ಸು ಹತ್ತಿಬಿಟ್ಟಿರಿ. ಈಗ ಅಕ್ಕನ ಕೈಬರಹದಲ್ಲಿ ನಿಮ್ಮ ಉತ್ತರ ಬಂದಿದೆ. "ಅವಳಿಗೆ ಬೇಕಾದ ಹಾಗೆ ಆಗಲಿ. ಮನೆ ಕೇಳ್ತಿದ್ದ ಬೇಕರಿಯವನಿಗೇ ಅದನ್ನ ಕೊಟ್ಟುಬಿಡಲಿ. ನಾನೂ ಇಲ್ಲೇ ಇದ್ದುಬಿಡ್ತೀನಿ. ಎಲೆ ಉದುರಿ ಮುಗಿಯೋವರೆಗೆ ಸಂಜೆ ಸಾಹೇಬನನ್ನ ಕರ್ಕೊಂಡು ಹೋಗಿ, ಬೆಟ್ಟದ ಮೇಲೆ ಕೊನೇ ಬಿಸಿಲು ಬೀಳೋವಾಗ ದಿನಕ್ಕೊಂದು ಫೋಟೋ ತೆಗೀಲಿ, ಅಷ್ಟು ಸಾಕು. ಎಲ್ಲಿ ಅಂತ ಹೇಳೋದು ಬೇಡ. ಸಾಹೇಬನಿಗೆ ಜಾಗ ಗೊತ್ತು."

ಇಷ್ಟು ಸುಲಭವಾಗಿ ಸೋಲುತ್ತೀರಿ ಅಂತ ನಾನು ಅಂದುಕೊಂಡಿರಲಿಲ್ಲ. ವರ್ಷಗಟ್ಟಲೆ ಹಟ ಹಿಡಿದ ಮನುಷ್ಯ ಎರಡು ಸಾಲಿನಲ್ಲಿ ಮುಗಿಸಿಬಿಟ್ಟರು. ಗೆದ್ದವಳು ನಾನು. ಗೆದ್ದ ಮೇಲೆ ಕಾಲು ಚಾಚಿ ಕೂರಬೇಕಲ್ಲ, ಕೂರಲು ಆಗುತ್ತಿಲ್ಲ. ಅಕ್ಕನ ಮನೆಯ ಕೆಳಗಿನ ಅಂಗಡಿ ಕೋಣೆಯಲ್ಲಿ ಮಿಷನ್ ಎಲ್ಲಿಡಬೇಕು, ಬಟ್ಟೆ ಕತ್ತರಿಸುವ ಮೇಜು ಎಲ್ಲಿ ಅಂತ ಕಾಗದದ ಮೇಲೆ ಗೆರೆ ಎಳೆದು ನೋಡಿದೆ. ಎಲ್ಲಾ ಚೆನ್ನಾಗಿ ಕೂರುತ್ತದೆ. ನಿಮ್ಮ ಹಲ್ಲಿನ ಸೆಟ್ಟು ಮಾಡುವ ಕೆಲಸಕ್ಕೂ ಹಿಂದಿನ ಜಗುಲಿ ಸಾಕು, ಅಲ್ಲಿ ಬೆಳಕೂ ಇದೆ. ಇನ್ನೇನು ಬೇಕು ಹೇಳಿ.

ಅಂತೂ ಹೊರಟೆ. ಮೊದಲ ದಿನ ನಿಮ್ಮ ಉದ್ದದ ಕಂದು ಕೋಟು ಹಾಕಿಕೊಂಡು ಹೋದೆ. ನನ್ನದನ್ನು ಮೂಟೆಗೆ ಕಟ್ಟಿಬಿಟ್ಟಿದ್ದೆ, ಚಳಿ ಬೇರೆ. ನಮ್ಮ ನಾಯಿ ನಿಮ್ಮ ಕಾಲದಲ್ಲಿ ಹೇಗೆ ನಡೆಯುತ್ತಿದ್ದನೋ ಗೊತ್ತಿಲ್ಲ, ನನ್ನ ಜೊತೆ ಮಾತ್ರ ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯ ಹಾಗೆ ನಡೆದ. ಅದಕ್ಕೇ ಅಲ್ಲವೆ ಅವನಿಗೆ ಸಾಹೇಬ ಅಂತ ಹೆಸರಿಟ್ಟಿದ್ದು. ಶಾಲೆಯ ಹಿಂದಿನ ಗೋಡೆ, ಹಿಟ್ಟಿನ ಗಿರಣಿ, ಅಲ್ಲಿಂದ ಮರಗಳ ರಸ್ತೆ. ಎಲೆ ಎಲ್ಲ ಹಳದಿಯಾಗಿ ಉದುರಿ, ಕಾಲಿಟ್ಟರೆ ಚರಚರ ಅನ್ನುತ್ತದೆ. ಗುಡಿಸುವವಳು ಒಂದು ಕಡೆಯಿಂದ ರಾಶಿ ಮಾಡಿಕೊಂಡು ಬರುತ್ತಿದ್ದಳು, ಸಾಹೇಬ ಸರಿಯಾಗಿ ಅದರ ನಡುವೆಯೇ ನಡೆದುಹೋದ. ಅವಳ ಬಾಯಿಂದ ಬಂದದ್ದನ್ನು ಬರೆಯುವುದಿಲ್ಲ, ಅಕ್ಕ ಓದಬೇಕಲ್ಲ.

ನಾನು ಟೀ ಅಂಗಡಿಯ ಹತ್ತಿರ ನಿಂತೆ. ನೀವು ಅಷ್ಟು ಹೊತ್ತು ಅಲ್ಲೇ ಹರಟೆ ಹೊಡೆಯುತ್ತಾ ಕೂರುತ್ತೀರಿ ಅನ್ನುವುದು ನನ್ನ ಬಹಳ ದಿನದ ಲೆಕ್ಕಾಚಾರ. ಮಧ್ಯಾಹ್ನದ ಬಿಸಿಲಿರುವಾಗಲೇ ಹೊರಟು ಕತ್ತಲಾದ ಮೇಲೆ ಬರುತ್ತಿದ್ದಿರಿ, ಕ್ಯಾಮೆರಾದಲ್ಲಿ ನೋಡಿದರೆ ಒಂದೇ ಒಂದು ಫೋಟೋ. ಯಾರಿಗಾದರೂ ಅನುಮಾನ ಬರಬೇಕಾದದ್ದೇ. ಆದರೆ ಸಾಹೇಬ ಅಲ್ಲಿ ನಿಲ್ಲಲೇ ಇಲ್ಲ, ಹಗ್ಗ ಜಗ್ಗಿದ. ಟೀ ಅಂಗಡಿಯಾಕೆಯನ್ನು ಕೇಳಿದೆ. "ನಿಮ್ಮೆಜಮಾನ್ರಾ? ಅವರು ಇಲ್ಲಿ ಕೂರೋರಲ್ಲಮ್ಮ. ಕೈ ಎತ್ತಿ ನಮಸ್ಕಾರ ಮಾಡ್ಕೊಂಡು ಹೋಗ್ತಾರೆ" ಅಂದಳು. ನನ್ನ ಲೆಕ್ಕಾಚಾರ ಅಲ್ಲಿಗೆ ಮಣ್ಣುಪಾಲಾಯಿತು.

ಸಾಹೇಬ ನನ್ನನ್ನು ಮೇಲಿನ ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲೊಂದು ಗಿಡ್ಡ ಗೋಡೆ. ಎದುರಿಗೆ ಇಡೀ ಬೆಟ್ಟ, ನಡುವೆ ಒಂದು ತಂತಿಯೂ ಅಡ್ಡವಿಲ್ಲ. ಇಷ್ಟು ವರ್ಷ ಈ ಊರಿನಲ್ಲಿದ್ದು ನಾನು ಬೆಟ್ಟವನ್ನು ಹಾಗೆ ಪೂರ್ತಿ ನೋಡಿರಲಿಲ್ಲ. ನಮ್ಮ ಮನೆಯ ಯಾವ ಕಿಟಕಿಗೂ ಅದು ಕಾಣುವುದಿಲ್ಲವಲ್ಲ.

ಫೋಟೋ ತೆಗೆದೆ. ಈ ಕಾಗದಕ್ಕೆ ಕಾಯದೆ ಪ್ರಿಂಟ್ ಹಾಕಿಸಿ ಮೊದಲೇ ಕಳಿಸಿದ್ದೇನೆ. ಒಂದರಲ್ಲಿ ನನ್ನ ಹೆಬ್ಬೆರಳಿದೆ. ಇನ್ನೊಂದರಲ್ಲಿ ಸಾಹೇಬನ ಕಿವಿ ಬೆಟ್ಟಕ್ಕಿಂತ ದೊಡ್ಡದಾಗಿದೆ. ಮೂರನೆಯದರಲ್ಲಿ ಎಲ್ಲ ಸರಿಯಾಗಿದೆ, ಬೆಟ್ಟ ಮಾತ್ರ ಓರೆಯಾಗಿದೆ. ಸ್ಟುಡಿಯೋದವನು ಪ್ರಿಂಟ್ ಕೊಡುವಾಗ, "ಮೇಡಂ, ಭೂಕಂಪ ಆದಾಗ ತೆಗೆದಿದ್ದಾ?" ಅಂದ. ಇವತ್ತಿಗೆ ಇಷ್ಟು ಸಾಕು. ಯಾರೋ ಬಂದ ಹಾಗಿದೆ.

ಅಕ್ಟೋಬರ್ ೨೩, ಗುರುವಾರ

ಬಂದವನು ಬೇಕರಿಯವನು. ಈ ಸಲ ನಿಜವಾಗಿಯೂ ಯಾರೋ ಬಂದಿದ್ದರು. ಅಂದು ಬಿಟ್ಟದ್ದನ್ನು ಈಗ ಮುಂದುವರಿಸುತ್ತಿದ್ದೇನೆ.

ಅವನು ಮನೆ ತುಂಬ ಓಡಾಡಿದ. ಕೆಳಗಿನ ಭಾಗದಲ್ಲಿ ಒಲೆ, ಮೇಲೆ ಹಿಟ್ಟಿನ ಮೂಟೆ ಅಂತ ಬೆರಳು ತೋರಿಸುತ್ತಾ ಹೋದ. ಮೇಲಿನ ಚಿಕ್ಕ ಕೋಣೆಯ ಬಾಗಿಲ ಮುಂದೆ ನಿಂತು, "ಅಕ್ಕಾ, ಈ ಗೋಡೆ ಒಡೆದ್ರೆ ಒಳ್ಳೇ ಹಾಲ್ ಆಗುತ್ತೆ" ಅಂದ. ಬೆರಳು ಮಡಚಿ ಗೋಡೆಯನ್ನು ತಟ್ಟಿಯೂ ನೋಡಿದ. ನಾನು ಮಿಷನ್ನಿಗೆ ಎಣ್ಣೆ ಬಿಡಬೇಕು ಅಂತ ಸುಳ್ಳು ಹೇಳಿ ಕೆಳಗಿಳಿದುಬಿಟ್ಟೆ. ಒಳ್ಳೆಯ ಮನುಷ್ಯ, ಅವನದೇನು ತಪ್ಪು. ಶುಕ್ರವಾರ ಬೀಗದ ಕೈಗೆ ಬರುತ್ತೇನೆ ಅಂದಿದ್ದಾನೆ. ಪಾತ್ರೆ, ಬಟ್ಟೆ, ನಿಮ್ಮ ಹಲ್ಲಿನ ಅಚ್ಚುಗಳು ಎಲ್ಲ ಕಟ್ಟಿ ಆಗಿದೆ. ಆ ಕೋಣೆ ಒಂದು ಬಾಕಿ.

ನಿಮ್ಮ ಎರಡನೆಯ ಕಾಗದವೂ ಬಂತು. ಅಕ್ಕ ಬರೆದಿದ್ದಾರೆ: "ಫೋಟೋ ಹೇಗಿದೆ ಅಂತ ನಾನು ಹೇಳಿದ್ರೆ ಇವನಿಗೆ ಸಮಾಧಾನ ಇಲ್ಲ. ಬಣ್ಣ ಯಾವುದು, ಸರಿಯಾಗಿ ಹೇಳು ಅಂತ ಪ್ರಾಣ ತಿಂತಾನೆ. ನಾನು ಕೆಂಪು ಅಂದೆ. ಯಾವ ಕೆಂಪು ಅಂತಾನೆ. ಕೆಂಪು ಅಂದ್ರೆ ಕೆಂಪು ಕಣೋ ಅಂದೆ, ಮಾತು ಬಿಟ್ಟಿದ್ದಾನೆ." ಪಾಪ, ಅಕ್ಕ, ಜೀವನವಿಡೀ ಹಲ್ಲಿನ ಬಿಳುಪಿನಲ್ಲೇ ಅಷ್ಟೊಂದು ಬಗೆ ನೋಡಿದ ಮನುಷ್ಯನಿಗೆ ನಿಮ್ಮ ಒಂದು ಕೆಂಪು ಸಾಲುತ್ತದೆಯೇ?

ಅದಕ್ಕೆ ನಾನೊಂದು ಉಪಾಯ ಮಾಡಿದೆ. ನಿನ್ನೆ ನಿಮ್ಮ ಪೆಟ್ಟಿಗೆ ಬಿಚ್ಚಿ, ಹಲ್ಲಿನ ಬಣ್ಣ ಹೊಂದಿಸಿ ನೋಡುವ ಆ ಪಟ್ಟಿಯನ್ನು ತೆಗೆದುಕೊಂಡು ಹೋದೆ. ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದು ಕೈಯಲ್ಲಿ ಸಾಲು ಹಲ್ಲು. ಗೋಡೆಯ ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ, ಬೆಟ್ಟದ ಪಕ್ಕಕ್ಕೆ ಒಂದೊಂದೇ ಹಲ್ಲು ಹಿಡಿದು ನೋಡಿದೆ. ಬಿಸಿಲು ಇಳಿಯುವ ಮೊದಲು ಬಂಡೆ ನಿಮ್ಮ ಪಟ್ಟಿಯ ಎರಡನೆಯ ಹಲ್ಲು. ಸ್ವಲ್ಪ ಹೊತ್ತಿಗೆ ಟೀ ಕುಡಿಯುವವರ ಹಲ್ಲು. ಆಮೇಲೆ ಬೀಡಿ ಸೇದುವವರದು. ಅದಾದ ಮೇಲೆ ಪಟ್ಟಿಯೇ ಸಾಲಲಿಲ್ಲ. ಕೊನೆಯಲ್ಲಿ ಇಡೀ ಬೆಟ್ಟ ನೀವು ಸೆಟ್ಟಿಗೆ ಹಾಕುವ ವಸಡಿನ ಬಣ್ಣಕ್ಕೆ ತಿರುಗಿತು, ಹೊಸದಾಗಿ ಪಾಲಿಶ್ ಮಾಡಿದ ವಸಡು. ಹಾಗೇ ಒಂದು ಗಳಿಗೆ ಇತ್ತು, ಆರಿತು. ಸಿಕ್ಕಿತೇ ಬಣ್ಣ? ಇನ್ನು ಅಕ್ಕನ ಜೊತೆ ಮಾತಾಡಿ.

ಇದನ್ನೆಲ್ಲ ಟ್ಯಾಂಕಿನ ಕಾವಲಿನವನು ನೋಡುತ್ತಾ ನಿಂತಿದ್ದ. ಹತ್ತಿರ ಬರಲು ಹೆದರಿಕೆ ಆಗಿರಬೇಕು. ಬೆಟ್ಟಕ್ಕೆ ಹಲ್ಲು ತೋರಿಸುವ ಹೆಂಗಸು, ಗಂಡಸಿನ ಕೋಟು ಬೇರೆ. ನಾನೇ ಕರೆದು ಯಾರು ಅಂತ ಹೇಳಿಕೊಂಡೆ. "ಓ, ಸಾಹೇಬನ ಯಜಮಾನ್ರ ಮನೆಯೋರಾ?" ಅಂದ. ನೋಡಿ, ಊರಿನಲ್ಲಿ ನಮ್ಮೆಲ್ಲರಿಗಿಂತ ನಾಯಿಗೇ ಹೆಚ್ಚು ಹೆಸರು.

"ಅವರು ಇಲ್ಲಿ ಅಷ್ಟು ಹೊತ್ತು ಏನ್ ಮಾಡ್ತಿದ್ರು?" ಅಂತ ಕೇಳಿದೆ.

"ಫೋಟೋ ತೆಗೀತಿದ್ರಮ್ಮ."

"ಒಂದು ಫೋಟೋಗೆ ಅಷ್ಟು ಹೊತ್ತಾ?"

ಅವನು ಕೈಯಲ್ಲಿದ್ದ ಬೀಗವನ್ನು ತಿರುವಿ ತಿರುವಿ ನೋಡಿದ. "ನಂಗೊತ್ತಿಲ್ಲಮ್ಮ. ಅವರು ಬಂದ್ರೆ ನಾನು ಆ ಕಡೆ ವಾಲ್ವ್ ನೋಡೋಕೆ ಹೋಗ್ತಿದ್ದೆ."

"ದಿನಾ ವಾಲ್ವ್ ಕೆಡುತ್ತಾ?"

"ಇಲ್ಲಮ್ಮ. ಕೆಡಲ್ಲ" ಅಂದು, ಹೊರಟುಹೋದ.

ನಾನು ಗೋಡೆಯ ಮೇಲೆ ಕೂತೆ. ಆ ಮೇಲೆ ಸಾಹೇಬ ಏನು ಮಾಡಿದ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ದಿನವೂ ಅದನ್ನೇ ಮಾಡಿದ್ದ, ಏನೋ ನಾಯಿಬುದ್ಧಿ ಅಂತ ಸುಮ್ಮನಾಗಿದ್ದೆ. ನಿನ್ನೆಯೂ ಅದನ್ನೇ ಮಾಡಿದ. ಅದಾದ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಮಿಷನ್ನಿನ ಮುಂದೆ ಕೂತರೆ ಕಾಲು ಪೆಡಲಿನ ಮೇಲೆ ನಿಲ್ಲುವುದಿಲ್ಲ. ಕಟ್ಟಿದ ಮೂಟೆಗಳಲ್ಲಿ ಎರಡನ್ನು ಬಿಚ್ಚಿದೆ, ಏನು ಹುಡುಕುತ್ತಿದ್ದೇನೆ ಅಂತ ನನಗೇ ಗೊತ್ತಿಲ್ಲದೆ ಮತ್ತೆ ಕಟ್ಟಿದೆ. ಅದರಲ್ಲೊಂದು ನಿಮ್ಮ ಕರವಸ್ತ್ರದ ಮೂಟೆ. ಎಷ್ಟು ಅಂಚು ಹೊಲಿದುಕೊಟ್ಟರೂ ಸಾಲದು ನಿಮಗೆ. ಲೆನ್ಸ್ ಒರೆಸಿದೆ, ಕಳೆದುಹೋಯಿತು, ಒದ್ದೆಯಾಯಿತು ಅಂತ ಪ್ರತಿ ವಾರ ಒಂದು ನೆವ.

ಅಕ್ಕ, ಅವರಿಗೆ ದಿಂಬು ಎದೆಯ ಕೆಳಗೆ ಸರಿಯಾಗಿ ಕೊಡಿ. ಕುತ್ತಿಗೆ ನೋವು ಅಂದರೆ ಎಣ್ಣೆ ಹಚ್ಚಬೇಡಿ, ಬಿಸಿನೀರಿನ ಬಟ್ಟೆ ಸಾಕು. ಹನಿ ಹಾಕುವ ಔಷಧಿಯನ್ನು ಅವರ ಕೈಗೆ ಕೊಡಬೇಡಿ, ಕಿವಿಗೆ ಹಾಕಿಕೊಂಡಾರು. ನೀವು ಇಬ್ಬರೂ ಚೆನ್ನಾಗಿರಿ, ಒಬ್ಬರನ್ನೊಬ್ಬರು ಬೈಯುತ್ತಾ ನೂರು ವರ್ಷ ಇರಿ. ಬೇಕರಿಯವನಿಗೆ ಒಂದಷ್ಟು ದಿನ ತಡೆಯಿರಿ ಅಂತ ಹೇಳಿ ಕಳಿಸುತ್ತೇನೆ. ಯಾಕೆ ಅಂತ ಕೇಳಬೇಡಿ. ನಿಮ್ಮ ತಮ್ಮ ಹೇಳಿದರೆ ಅವರೇ ಹೇಳಲಿ.

ನಿಮ್ಮ
ಜಗಳಗಂಟಿ

ಮರೆತ ಮಾತು: ಅಕ್ಕ, ಇಲ್ಲಿಗೆ ಓದುವುದು ನಿಲ್ಲಿಸಿ. ಇದರ ಜೊತೆ ಮಡಿಸಿಟ್ಟ ಹಾಳೆಯ ಅಂಚನ್ನು ನೀಲಿ ದಾರದಲ್ಲಿ ಸುತ್ತ ಹೊಲಿದಿದ್ದೇನೆ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅದನ್ನು ಅವರ ಕೈಗೆ ಕೊಡಿ, ಜೊತೆಗೊಂದು ಕತ್ತರಿ. ನೀವು ಬಿಚ್ಚಿ ಮತ್ತೆ ಹೊಲಿದರೆ ನನಗೆ ಗೊತ್ತಾಗುತ್ತದೆ. ನಿಮ್ಮ ಹೊಲಿಗೆ ನಾನು ನೋಡಿಲ್ಲವೇ.

(ಹೊಲಿದ ಹಾಳೆ)

ರೀ, ಈಗ ನಾವಿಬ್ಬರೇ.

ಸಾಹೇಬ ಯಾರ ಮೈಮೇಲೂ ಬೀಳುವ ನಾಯಿಯಲ್ಲ. ಇಷ್ಟು ವರ್ಷ ಊಟ ಹಾಕಿದ ಕೈ ನನ್ನದು, ಒಂದು ದಿನ ನೆಕ್ಕಿದವನಲ್ಲ. ಆ ಗೋಡೆಯ ಮೇಲೆ ನಾನು ಕೂತ ಕೂಡಲೇ ಅವನು ನನ್ನ ಎದುರಿಗೆ ಬಂದ. ಮುಂಗಾಲೆರಡನ್ನೂ ನನ್ನ ಮೊಣಕಾಲ ಮೇಲೆ ಊರಿ ಎದ್ದುನಿಂತ. ನನ್ನ ಮುಖವನ್ನೇ ನೋಡಿದ. ಆಮೇಲೆ ಕುಂಯ್ ಅನ್ನುತ್ತಾ ಕಣ್ಣಿನ ಕೆಳಗೆ ನೆಕ್ಕತೊಡಗಿದ. ಮೊದಲು ಈ ಕೆನ್ನೆ, ಆಮೇಲೆ ಆ ಕೆನ್ನೆ. ಅಲ್ಲಿ ಏನೂ ಇರಲಿಲ್ಲ, ಒಣಗಿತ್ತು. ಅವನಿಗೆ ಅರ್ಥವಾಗಲಿಲ್ಲ. ಹಿಂದೆ ಸರಿದು ಮತ್ತೆ ನೋಡಿದ, ಮತ್ತೆ ನೆಕ್ಕಿದ. ಕೊನೆಗೆ ನಿಮ್ಮ ಕೋಟಿನ ಬಲಗಡೆಯ ಜೇಬಿಗೆ ಮೂತಿ ತೂರಿಸಿ, ಕರವಸ್ತ್ರವನ್ನು ಹಲ್ಲಿನಲ್ಲಿ ಎಳೆದು ನನ್ನ ಮಡಿಲಲ್ಲಿ ಹಾಕಿದ. ಹಾಕಿ ಪಕ್ಕದಲ್ಲಿ ಕೂತು, ಬೆಟ್ಟ ನೋಡಿದ. ಅವನ ಕೆಲಸ ಮುಗಿದಿತ್ತು.

ನಾಯಿಗೆ ಒಂದು ದಿನದಲ್ಲಿ ಬರುವ ಪಾಠವಲ್ಲ ಅದು.

ನಿಮಗೆ ನೆನಪಿದೆಯೇ, ಮಗಳಿಗೆ ಟಪಾಲು ಅಂತ ಹೆಸರಿಟ್ಟವರು ನೀವು. ನಾವು ಮಾತು ಬಿಟ್ಟಾಗಲೆಲ್ಲ ಮೇಲೂ ಕೆಳಗೂ ಓಡುತ್ತಿದ್ದಳು. "ಅಮ್ಮ ಹೇಳ್ತಿದಾಳೆ, ಊಟಕ್ಕೆ ಬರ್ಬೇಕಂತೆ. ಅಪ್ಪ ಹೇಳ್ತಿದಾನೆ, ಕ್ಷಮಿಸ್ಬೇಕಂತೆ." ನೀವು ಹೇಳದ್ದನ್ನೂ ಸೇರಿಸಿ ಹೇಳುತ್ತಿದ್ದಳು, ನನಗೆ ಗೊತ್ತಿತ್ತು. ಆ ಚಿಕ್ಕ ಕೋಣೆಯಲ್ಲಿ ಅವಳು ಕಾಯಿಲೆಯಾಗಿ ಮಲಗಿದ್ದಷ್ಟು ದಿನ, ಕಿಟಕಿಗೆ ಬೆಟ್ಟ ಕಾಣುವುದಿಲ್ಲ ಅಂತ ನೀವು ಸಂಜೆ ಓಡಿಹೋಗಿ ಬಿಸಿಲಿನ ಫೋಟೋ ತೆಗೆದುಕೊಂಡು ಓಡಿಬರುತ್ತಿದ್ದಿರಿ. ಅವಳು ಕ್ಯಾಮೆರಾದ ಹಿಂದಿನ ಆ ಚಿಕ್ಕ ಪರದೆ ನೋಡಿ, "ಇವತ್ತು ನಿನ್ನೆಗಿಂತ ಚೆನ್ನಾಗಿದೆ" ಅನ್ನುತ್ತಿದ್ದಳು. ದಿನಾ ಅದೇ ಮಾತು. ಕೊನೆಯ ದಿನವೂ.

ಅವಳು ಹೋದ ವಾರವೇ ನೀವು ಮತ್ತೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟಿರಿ. ಮನೆಯಲ್ಲಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಊಟದ ಮುಂದೆ ತಮಾಷೆ ಮಾಡಿದಿರಿ, ಬಂದವರನ್ನು ನೀವೇ ಸಮಾಧಾನ ಮಾಡಿದಿರಿ. ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಕೆಂಡ ಇತ್ತು ರೀ. ಪ್ರತಿ ವರ್ಷ ನಾಲ್ಕನೇ ಕ್ಲಾಸಿನ ಹುಡುಗಿಯರು ಅಳತೆ ಕೊಡಲು ನನ್ನ ಮುಂದೆ ಬಂದು ನಿಲ್ಲುತ್ತಾರೆ, ಪ್ರತಿ ವರ್ಷ ಅವಳದೇ ಎತ್ತರ. ನಾನು ಟೇಪು ಹಿಡಿದು ಸಾಯುತ್ತಿದ್ದರೆ ಈ ಮನುಷ್ಯನಿಗೆ ಬೆಟ್ಟದ ಬಣ್ಣ ಮುಖ್ಯವಾಯಿತು ಅಂದುಕೊಂಡೆ. ಈ ಊರು ಬಿಡೋಣ ಅಂತ ನಾನು ಹಟ ಹಿಡಿದದ್ದು ಊರಿನ ಮೇಲಿನ ಸಿಟ್ಟಿಗಲ್ಲ.

ನೀವು ನನ್ನ ಮುಂದೆ ಅಳಬಹುದಿತ್ತು. ನಾಯಿಗೆ ಕಲಿಸಿದಿರಿ, ನನಗೆ ಹೇಳಲಿಲ್ಲ. ಅದು ನನಗೆ ಈಗಲೂ ನೋವೇ. ಇದನ್ನು ಬರೆಯುವಾಗಲೂ ಎರಡು ಸಲ ಎದ್ದೆ. ಆದರೆ ಬೇರೆ ಥರದ ನೋವು, ಇದರ ಜೊತೆ ಇರಬಹುದು ಅನ್ನಿಸುತ್ತದೆ. ಸಾಹೇಬನಿಗೆ ಜಾಗ ಗೊತ್ತು ಅಂತ ಬರೆಸಿದಿರಲ್ಲ, ಅವನಿಗೆ ಇನ್ನೇನು ಗೊತ್ತು ಅನ್ನುವುದನ್ನು ಮರೆತಿದ್ದಿರೋ, ಇಲ್ಲ ಬೇಕಂತಲೇ ಅವನ ಕೈಲಿ ಹೇಳಿ ಕಳಿಸಿದಿರೋ? ಮಗಳ ಕೆಲಸವನ್ನು ಅವನು ಮಾಡಿದ್ದಾನೆ. ನೀವು ಏನೇ ಅನ್ನಿ, ನನಗೆ ಟಪಾಲು ಮುಟ್ಟಿತು.

ಬೀಗದ ಕೈ ಬೇಕರಿಯವನಿಗೆ ಕೊಡುವುದಿಲ್ಲ. ಇಲ್ಲೇ ಇರುತ್ತೇವೆ ಅಂತಲೂ ನಾನು ಹೇಳುತ್ತಿಲ್ಲ. ಇರುವುದೋ ಬಿಡುವುದೋ, ಆ ಗೋಡೆಯ ಮೇಲೆ ಇಬ್ಬರೂ ಕೂತು ಮಾತಾಡೋಣ, ಇಬ್ಬರಿಗೆ ಜಾಗ ಇದೆ, ನೋಡಿದ್ದೇನೆ. ಕರವಸ್ತ್ರ ಹೊಸದಾಗಿ ಹೊಲಿಯುತ್ತಿದ್ದೇನೆ, ಈ ಸಲ ದೊಡ್ಡವು.

ಗುಳ್ಳೆ ಪೂರ್ತಿ ಕರಗಲಿ, ಡಾಕ್ಟರು ಹೂಂ ಅನ್ನಲಿ, ಆಮೇಲೆ ಬಸ್ಸು ಹತ್ತಿ. ಅಲ್ಲಿಯವರೆಗೆ ಇದನ್ನು ಓದಿ ಕಣ್ಣು ಉಜ್ಜಿಕೊಳ್ಳಬೇಡಿ, ಹೊಲಿಗೆ ಹಾಕಿದ ಕಣ್ಣು ಅದು. ಅಳುವುದಿದ್ದರೆ ಇಲ್ಲಿಗೆ ಬಂದು ಅಳಿ. ನಾನೂ ಇರುತ್ತೇನೆ. ಯಾರ ಕೆನ್ನೆ ಮೊದಲು ಅನ್ನುವುದನ್ನು ಸಾಹೇಬ ನೋಡಿಕೊಳ್ಳುತ್ತಾನೆ.